ದಿನಕ್ಕೊಂದು ಪಾಸ್‌ವರ್ಡ್

ಚೆನ್ನೈನ ಅಂಬತ್ತೂರು ಎಸ್ಟೇಟಿನ ಬಸ್‌ಸ್ಟಾಪಿನಲ್ಲಿ ಕನ್ನಡ ಕೇಳಿದ್ದೇ ತಡ, ವೃಂದಾಳ ಕಿವಿ ನೆಟ್ಟಗಾಯಿತು. ಮುಂದೆ ಇಬ್ಬರು ಗೆಳೆಯರು ನಿಂತಿದ್ದರು. ಕೊರಳಲ್ಲಿ ಕಂಪನಿಯ ಕಾರ್ಡು ನೇತುಹಾಕಿಕೊಂಡಿದ್ದವನು ಕುದಿಯುತ್ತಿದ್ದ.

"ಬೆಳಿಗ್ಗೆ ಸರ್ವರ್ ಆನ್ ಮಾಡಿದ್ರೆ ಮೇಲ್ ಸರ್ವಿಸ್ ನಿಂತಿರುತ್ತೆ ಕಣೋ. ದಿನಾ ಅದನ್ನ ತೆಗೆದು ಹೊಸದಾಗಿ ಇನ್‌ಸ್ಟಾಲ್ ಮಾಡ್ತೀನಿ, ಮಾರನೇ ದಿನ ಮತ್ತೆ ಅದೇ ಗೋಳು. ಎಲ್ಲಾ ಆ ನಿಶಾಂತನ ಕಿತಾಪತಿ."

"ಮೊನ್ನೆ ನಿಮ್ಮ ಆಫೀಸಿಗೆ ಬಂದೋನು, ಅವನ್ಯಾಕೋ ನಿಲ್ಲಿಸ್ತಾನೆ ಲೋಹಿತ್?"

"ಮೊನ್ನೆ ಬಂದೋನಿಗೇ ಮ್ಯಾನೇಜರ್ ಪಕ್ಕದ ಸೀಟು! ನನ್ನ ಮರ್ಯಾದೆ ತೆಗೆಯೋಕೆ ನಿಲ್ಲಿಸ್ತಾನೆ. ಅವನು ನನ್ನ ಹೆಸರಲ್ಲಿ ಸರ್ವರ್ ಒಳಗೆ ಹೋಗ್ಬಾರ್ದು ಅಂತ ದಿನಾ ಸಂಜೆ ಪಾಸ್‌ವರ್ಡ್ ಬದಲಾಯಿಸಿ ಬರ್ತೀನಿ."

"ಆ ಸರ್ವಿಸ್ ಯಾರ ಹೆಸರಲ್ಲಿ ಲಾಗಿನ್ ಆಗೋದು?"

"ನನ್ನ ಹೆಸರಲ್ಲೇ. ಹಾಕಿದ್ದು ನಾನು, ಬೇರೆಯವ್ರ ಹೆಸರು ಯಾಕಿರ್ಬೇಕು?"

"ಸಂಜೆ ಅದಕ್ಕೂ ಹೊಸ ಪಾಸ್‌ವರ್ಡ್ ಕೊಟ್ಟು ಬರ್ತೀಯ ತಾನೆ?"

"ಅದಕ್ಯಾಕೆ? ಬದಲಾಯಿಸೋದು ನನ್ನ ಲಾಗಿನ್ನಿಗೆ ಮಾತ್ರ."

"ಹಾಕುವಾಗ ಕೊಟ್ಟ ಹಳೇ ಪಾಸ್‌ವರ್ಡನ್ನೇ ಇಟ್ಕೊಂಡು ಮಾರನೇ ಬೆಳಿಗ್ಗೆ ಅದು ಹೆಂಗೆ ಶುರುವಾಗುತ್ತೋ? ದಿನಾ ನಿಲ್ಲಿಸ್ತಿರೋನು ನೀನೇ."

ಕೋಯಂಬೇಡು ಬಸ್ಸು ಬಂತು. ಗೆಳೆಯನನ್ನು ಹಿಂದಿಕ್ಕಿ ಫುಟ್‌ಬೋರ್ಡಿಗೆ ಹಾರಿದ ಲೋಹಿತನ ಮಾತು ವೃಂದಾಳಿಗೆ ಕೊನೆಯದಾಗಿ ಕೇಳಿಸಿತು:

"ನಾಳೆ ಅವನಿಗಿಂತ ಮೊದ್ಲು ಹೋಗ್ಬೇಕು ಕಣೋ. ಸರಿ ಮಾಡಿದ್ದು ನಿಶಾಂತ್ ಅಂತ ಆಗ್ಬಾರ್ದು."