ಎರಡು ಕಡೆ ಇಟ್ಟ ಅಪ್ಪನ ದನಿ

ಕಂಪ್ಯೂಟರ್ ರಿಪೇರಿ ಅಂಗಡಿಯ ಬೆಂಚಿನಲ್ಲಿ, ಕೆಟ್ಟ ಪ್ರಿಂಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಜೆರಾಕ್ಸ್ ಅಂಗಡಿಯಾಕೆಗೆ ಪಕ್ಕದ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಡಿಸ್ಕ್ ಪೂರ್ತಿ ಹೋಗಿದೆಯಂತೆ. ಏನೂ ಸಿಗಲ್ವಂತೆ,” ಅಂದ ತಮ್ಮ.

“ಅಪ್ಪ ಹೇಳಿದ ಕಥೆಗಳ ರೆಕಾರ್ಡಿಂಗನ್ನ ಎರಡು ಕಡೆ ಇಟ್ಟಿದೀನಿ ಅಂದಿದ್ಯಲ್ಲೋ?”

“ಇಟ್ಟಿದ್ದೆ. ಎರಡೂ ಅದೇ ಡಿಸ್ಕಿನೊಳಗಿದ್ವು.”

“ಶಾಲೇಲಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡೋನು ನೀನು!”

“ಮೆಲ್ಲಗೆ ಅಕ್ಕಾ. ಹೋದ ವಾರ ಪರೀಕ್ಷೇಲಿ ಇದನ್ನೇ ಕೇಳಿದ್ದೆ. ಒಂದೇ ಡಿಸ್ಕಿನಲ್ಲಿ ಎರಡು ಕಾಪಿ ಇದ್ರೆ ಸಾಕು ಅಂತ ಬರೆದೋರಿಗೆಲ್ಲ ಸೊನ್ನೆ ಹಾಕಿದೀನಿ.”

ಜೆರಾಕ್ಸ್ ಅಂಗಡಿಯಾಕೆ ನಗು ನುಂಗಿಕೊಂಡು ಪ್ರಿಂಟರಿನ ಧೂಳು ಒರೆಸತೊಡಗಿದಳು.

“ಅಪ್ಪ ಹೋದಮೇಲೆ ಅಮ್ಮಂಗೆ ಆ ದನಿಯೊಂದೇ ಇತ್ತು. ನನ್ನ ಹತ್ರ ಇದೆಯಲ್ಲ, ನಿನ್ನ ಪೆನ್‌ಡ್ರೈವ್‌ನಲ್ಲಿರೋದು ಅಳಿಸಿಬಿಡು ಅಂತ ನಾನೇ ಅಂದೆ. ಈಗ ಯಾವ ಮುಖ ಇಟ್ಕೊಂಡು ಮನೆಗೆ ಹೋಗ್ಲಿ?” ಅಂದ ತಮ್ಮ.

ಅಕ್ಕ ತಲೆ ತಗ್ಗಿಸಿ ಕೈಚೀಲದಿಂದ ಪೆನ್‌ಡ್ರೈವ್ ತೆಗೆದಳು.

“ಅಳಿಸಿಲ್ಲ ಕಣೋ.”

“ಅಳಿಸಿದೆ ಅಂದ್ಯಲ್ಲ ಆವತ್ತು!”

“ನಿನ್ನ ಮೇಲೆ ನಂಬಿಕೆ ಇರ್ಲಿಲ್ಲ. ಹಾಗಂತ ಹೇಳೋಕೆ ನಾಚಿಕೆಯಾಗಿ ಸುಳ್ಳು ಹೇಳ್ದೆ.”

ತಮ್ಮ ಪೆನ್‌ಡ್ರೈವ್‌ಗೆ ಕೈ ಚಾಚಿದ. ಕೊಡಲು ಹೋದ ಅಕ್ಕ ಮತ್ತೆ ಮುಷ್ಟಿ ಬಿಗಿಹಿಡಿದಳು.

“ಮೊದಲು ಇಲ್ಲೇ ಕಾಪಿ ಮಾಡಿಸೋಣ. ಕಾಪಿ ನೀನಿಟ್ಕೋ. ಇದು ನನ್ನ ಹತ್ರಾನೇ ಇರ್ಲಿ.”

“ಹೂಂ,” ಎನ್ನುತ್ತ ಮೇಷ್ಟ್ರು ಸೊನ್ನೆ ಬಂದ ಹುಡುಗನ ಹಾಗೆ ಎದ್ದು, ಅಕ್ಕನ ಹಿಂದೆಯೇ ಕೌಂಟರಿನತ್ತ ನಡೆದರು.