ಶಿವಗಂಗವ್ವ ಕತ್ತರಿಸಿ ತೆಗೆದ ಲಾಂಛನ

ಎಲ್ಲರಿಗೂ ಶರಣು. ಮೂಡಲಗಿಯಿಂದ, ಹುಕ್ಕೇರಿಯಿಂದ, ಅತ್ತ ಕಣಗಲಾದಿಂದ ಕೂಡ ಕೆಲಸ ಬದಿಗಿಟ್ಟು ಗೋಕಾಕಕ್ಕೆ ಬಂದಿದ್ದೀರಿ. ಮಲ್ಲೇಶಣ್ಣ, ಲಕ್ಷ್ಮೀ — ನೀವು ಪತ್ನಿಯನ್ನು, ತಾಯಿಯನ್ನು ಕಳೆದುಕೊಂಡಿದ್ದೀರಿ. ನಿಮಗೆ ಸಮಾಧಾನ ಹೇಳುವ ಶಕ್ತಿ ನನಗಿಲ್ಲ. ಆಕೆಯನ್ನು ನಮಗೂ ಇಷ್ಟು ವರ್ಷ ಬಿಟ್ಟುಕೊಟ್ಟಿರಲ್ಲ, ಅದಕ್ಕೆ ಕೈಮುಗಿಯುತ್ತೇನೆ.

ನಾನು ಅನ್ನಪೂರ್ಣಾ. ಲಿಂಗೈಕ್ಯ ಶಿವಗಂಗವ್ವನವರ ಜೊತೆ ಇದೇ ಊರಿನ ಹೊಲಿಗೆ ತರಗತಿಯಲ್ಲಿ ಕಲಿಸಿದವಳು. ನಾನು ಮಷೀನಿನ ಹೊಲಿಗೆ, ಆಕೆ ಕೈಕಸೂತಿ. ಒಂದೇ ಕೋಣೆ, ಒಂದೇ ಫ್ಯಾನು. ನನ್ನ ಮಷೀನಿನ ಸದ್ದಿಗೆ ಬೈಯುತ್ತಿದ್ದಳು — ಬೈದು, ತಾನೇ ಎದ್ದು ಬಂದು ಎಣ್ಣೆ ಬಿಡುತ್ತಿದ್ದಳು.

ಆಕೆಯ ಬಗ್ಗೆ ಹೇಳುವುದು ಬಹಳ ಇದೆ. ಆದರೆ ನಾನು ಇವತ್ತು ಒಂದೇ ಸಂಗತಿ ಹೇಳುತ್ತೇನೆ. ಇದರಲ್ಲಿ ಹುಕ್ಕೇರಿಯ ಕಸೂತಿ ಸಾಮಾನಿನ ವ್ಯಾಪಾರಿ ಸ್ವಪ್ನಿಲ್ ಅವರ ಹೆಸರೂ ಬರುತ್ತದೆ. ಅಗೋ, ಅಲ್ಲಿ ಕೂತಿದ್ದಾರೆ. ಹೇಳಲೇ ಎಂದು ಬೆಳಗ್ಗೆ ಕೇಳಿದೆ. "ಎಲ್ಲಾ ಹೇಳ್ರಿ ಅಕ್ಕಾರ, ಏನೂ ಬಿಡಬ್ಯಾಡ್ರಿ" ಅಂದರು.

ಲಕ್ಷ್ಮೀ ಪೊಲೀಸ್ ಆಗಿ ತರಬೇತಿ ಮುಗಿಸಿ ಘೋಡಗೇರಿಗೆ ಕೆಲಸಕ್ಕೆ ಬಂದ ವರ್ಷ. ಮಗಳ ಟೋಪಿಯ ಮೇಲಿನ ಎರಡು ತಲೆಯ ಹಕ್ಕಿ, ನಮ್ಮ ರಾಜ್ಯದ ಗಂಡಭೇರುಂಡ, ತಾಯಿಯ ಕಣ್ಣಿಗೆ ಬಿತ್ತು. ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಗ್ರಾಫ್ ಹಾಳೆಯ ಮೇಲೆ ಆ ಲಾಂಛನ ಬಿಡಿಸಿದಳು. ಸುತ್ತ ಒಂದು ಅಂಚು — ಜೋಳದ ತೆನೆ, ಅದರ ನಡುನಡುವೆ ಗಿಳಿ. ಆ ಅಂಚು ಎಲ್ಲಿಯೂ ನೋಡಿ ತೆಗೆದದ್ದಲ್ಲ, ಆಕೆಯ ತಲೆಯಿಂದಲೇ ಬಂದದ್ದು. ಬಟ್ಟೆಯ ಮೇಲೆ ಹೊಲಿದು ಗೋಡೆಗೆ ತೂಗುಹಾಕಿದಳು.

ನೋಡಿದವರೆಲ್ಲ ನಮಗೂ ಬೇಕು ಅಂದರು. ಯಾರದೋ ಮಗ ಪೊಲೀಸು, ಯಾರದೋ ಸೊಸೆ ಸರಕಾರಿ ಕಚೇರಿಯಲ್ಲಿ ಗುಮಾಸ್ತೆ. ಶಿವಗಂಗವ್ವ ಹಾಳೆಯ ಝೆರಾಕ್ಸ್ ತೆಗೆಸಿ ಮಾರಿದಳು. ನಮ್ಮ ತರಗತಿಯ ಹೆಣ್ಣುಮಕ್ಕಳು ಹೊಲಿದು ಮಾರಿದರು. ಮೂಡಲಗಿಯ ಲಗಮವ್ವ ಅದರಿಂದಲೇ ಮನೆ ನಡೆಸತೊಡಗಿದಳು.

ಆಮೇಲೆ ಒಂದು ದಿನ ಲಗಮವ್ವ ಅಳುತ್ತ ಬಂದಳು. ಆಕೆಗೆ ನೋಟಿಸು ಬಂದಿತ್ತು. ಹುಕ್ಕೇರಿಯ ಅಂಗಡಿಯವರ ನಮೂನೆಯನ್ನು ನೀವು ನಕಲು ಮಾಡಿದ್ದೀರಿ, ನಿಲ್ಲಿಸದಿದ್ದರೆ ಕೋರ್ಟಿಗೆ ಹೋಗುತ್ತೇವೆ ಎಂದು! ಅದೇ ತೆನೆ, ಅದೇ ಗಿಳಿ, ಅದೇ ಹಕ್ಕಿ. ಸ್ವಪ್ನಿಲ್ ಅವರು ಅದನ್ನೇ ಬಣ್ಣದ ಪಾಕೀಟಿನಲ್ಲಿ ಹಾಕಿ, ಮೇಲೆ ತಮ್ಮ ಅಂಗಡಿಯ ಹೆಸರು ಅಚ್ಚು ಮಾಡಿಸಿದ್ದರು. ನಮ್ಮ ನಮೂನೆ, ನಾವೇ ಕಳ್ಳರು!

"ನನ್ನ ಗಂಡ ಹೊಲಿಯೂ ಚೌಕಟ್ಟ ಅಟ್ಟದ ಮ್ಯಾಲ ಒಗದಾನ್ರಿ," ಅಂದಳು ಲಗಮವ್ವ. "ಕೋರ್ಟ್ ಮೆಟ್ಟಲ ಹತ್ತಾಕ ನಾ ಒಲ್ಲೆ ಅಕ್ಕಾರ. ಇನ್ನ ಸೂಜಿ ಮುಟ್ಟೂದಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಶಿವಗಂಗವ್ವನನ್ನು ಕೈಹಿಡಿದು ಗುರುಪಾದ ವಕೀಲರ ಹತ್ತಿರ ಎಳೆದುಕೊಂಡು ಹೋದೆ. ಅವರು ಕೇಳಿಸಿಕೊಂಡರು. "ಅಂಚು ನಿಮ್ಮದು, ಬಣ್ಣದ ಜೋಡಣಿ ನಿಮ್ಮದು. ಕೇಸ್ ಹಾಕ್ರಿ, ಗೆಲ್ಲಬಹುದು," ಅಂದರು. ನನಗೆ ಖುಷಿಯೋ ಖುಷಿ. ಆಮೇಲೆ ಕನ್ನಡಕ ತೆಗೆದರು. "ಆದರ ನಡುವಿನ ಹಕ್ಕಿ ಸರಕಾರದ ಲಾಂಛನ. ಅದನ್ನ ಮಾರಾಕ ನಿಮಗ ಯಾರು ಪರವಾನಗಿ ಕೊಟ್ರು ಅಂತ ಅಲ್ಲಿ ಕೇಳ್ತಾರ. ಮಗಳು ಪೊಲೀಸ್ ಅದಾಳ. ಯೋಚನಿ ಮಾಡ್ರಿ."

ಇಬ್ಬರೂ ಹೊರಗೆ ಬಂದೆವು. ಆಕೆ ಸುಮ್ಮನಿದ್ದುಬಿಡೋಣ ಅನ್ನುತ್ತಾಳೆಂದು ನಾನು ಅಂದುಕೊಂಡೆ. ಆದರೆ ಮನೆಗೆ ಹೋಗಿ ಲಕ್ಷ್ಮಿಗೆ ಫೋನ್ ಮಾಡಿದಳು. "ನಿನ್ನ ನೌಕರಿಗೆ ನನ್ನಿಂದ ಕಳಂಕ ಬಂದೀತೇನ ಮಗಳ?" ಲಕ್ಷ್ಮೀ ಏನು ಹೇಳಿದಳು ಗೊತ್ತೇ? "ಅವ್ವಾ, ನನ್ನ ಚಿಂತಿ ಬಿಡು. ಖರೆ ಏನೈತಿ ಅದನ್ನ ಹೇಳಿಬಿಡು. ಲಗಮವ್ವಕ್ಕ ಯಾಕ ಅಂಜಬೇಕು?"

ಮರುದಿನವೇ ನಾವಿಬ್ಬರೂ ಹುಕ್ಕೇರಿಗೆ ಹೊರಟೆವು. ನಾನು ಬಸ್ಸಿನಲ್ಲಿ ಜಗಳದ ಮಾತುಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡಿದ್ದೆ — ಒಂದೂ ಉಪಯೋಗಕ್ಕೆ ಬರಲಿಲ್ಲ. ಆಕೆ ಅಂಗಡಿಯೊಳಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಚೀಲದಿಂದ ತಾನು ಬಿಡಿಸಿದ ಮೊದಲ ಹಾಳೆ ತೆಗೆದು ಬಿಚ್ಚಿದಳು. ಅಲ್ಲಲ್ಲಿ ಅಳಿಸಿ ತಿದ್ದಿದ ಪೆನ್ಸಿಲ್ ಗೆರೆಗಳು. ಸ್ವಪ್ನಿಲ್ ಅವರ ಮುಖ ಇಳಿಯಿತು.

"ನನಗ ವಾಟ್ಸಾಪಿನ್ಯಾಗ ಬಂತ್ರಿ," ಅಂದರು. "ಅದರ ಮ್ಯಾಲ ಯಾರ ಹೆಸರೂ ಇರಲಿಲ್ಲ. ಯಾರದೂ ಅಲ್ಲ ಅಂದ್ಕೊಂಡೆ."

"ನಾನೂ ಹಂಗ ಅಂದ್ಕೊಂಡಿದ್ದೆ ತಮ್ಮಾ," ಅಂದಳು ಆಕೆ. "ಹಕ್ಕಿ ಯಾರದೂ ಅಲ್ಲ ಅಂತ. ನೀ ನನ್ನ ಕೇಳದ ತಗೊಂಡಿ, ನಾ ಸರಕಾರದವರನ್ನ ಕೇಳದ ತಗೊಂಡೆ. ಇಬ್ಬರೂ ತಪ್ಪ ಮಾಡೇವಿ. ಒಂದು ಕತ್ತರಿ ಕೊಡು."

ಕೊಟ್ಟರು. ನಾನು ತಡೆಯುವಷ್ಟರಲ್ಲಿ — ಹೀಗೆ, ಹಾಳೆಯ ನಡುವಿಗೆ ಕತ್ತರಿ ಹಾಕಿದಳು. ಸುತ್ತಲೂ ಮೆಲ್ಲಗೆ, ಒಂದು ತೆನೆಗೂ ತಾಗದ ಹಾಗೆ, ಆ ಹಕ್ಕಿಯನ್ನು ಕತ್ತರಿಸಿ ತೆಗೆದಳು. ಮಗಳಿಗಾಗಿ ಬಿಡಿಸಿದ ಹಕ್ಕಿ.

"ಇದು ನನ್ನದಲ್ಲ, ತಗದೆ. ಉಳದದ್ದು ನನ್ನದು. ಇನ್ನ ನಿನ್ನ ಪಾಳಿ," ಅಂದಳು. ಇಷ್ಟೇ. ಎದ್ದು ಬಂದುಬಿಟ್ಟಳು.

ಆ ವಾರ ಏನೂ ಆಗಲಿಲ್ಲ. ಲಗಮವ್ವ ತರಗತಿಗೆ ಬರಲಿಲ್ಲ. ಶಿವಗಂಗವ್ವ ಮಾರಲು ಇಟ್ಟಿದ್ದ ಝೆರಾಕ್ಸುಗಳನ್ನೆಲ್ಲ ಹರಿದು ಹಾಕಿದಳು. ಕೇಳಿ ಬಂದವರಿಗೆ ಇಲ್ಲ ಅಂದಳು. ಕೆಲವರು ಸಿಟ್ಟಾದರು, ಸೊಕ್ಕು ಬಂದಿದೆ ಅಂದರು. ಎಲ್ಲ ಕೇಳಿಸಿಕೊಂಡಳು.

ಆಮೇಲೆ ಸ್ವಪ್ನಿಲ್ ಗೋಕಾಕಕ್ಕೆ ಬಂದರು. ನಮ್ಮ ತರಗತಿಗೆ ಬರುವ ಮೊದಲು ಎಲ್ಲಿಗೆ ಹೋಗಿದ್ದರು? ಮೂಡಲಗಿಗೆ, ಲಗಮವ್ವನ ಮನೆಗೆ. ನೋಟಿಸು ವಾಪಸು ತೆಗೆದುಕೊಂಡೆ ಎಂದು ಆಕೆಯ ಗಂಡನ ಎದುರಿಗೇ ಹೇಳಿ, ಅಟ್ಟದ ಮೇಲಿನ ಚೌಕಟ್ಟನ್ನು ತಾವೇ ಇಳಿಸಿ ಬಂದಿದ್ದರು. ಹಕ್ಕಿಯ ಪಾಕೀಟುಗಳನ್ನು ಅಂಗಡಿಯಿಂದ ತೆಗೆದುಹಾಕಿದ್ದರು. ಅಂಚನ್ನು ಶಿವಗಂಗವ್ವನ ಹೆಸರಿನಲ್ಲೇ ಅಚ್ಚು ಮಾಡುತ್ತೇನೆ, ಆಕೆಯ ಪಾಲು ಆಕೆಗೆ ಕೊಡುತ್ತೇನೆ ಅಂದರು. ನಡುವೆ ಏನು ಹಾಕಲಿ ಎಂದು ಕೇಳಿದರು.

"ಏನೂ ಹಾಕಬ್ಯಾಡ. ಖಾಲಿ ಬಿಡು. ಹೊಲಿಯಾಕಿ ತನಗ ಬೇಕಾದ್ದು ತಾನ ಬಿಡಿಸಿಕೊಳ್ಳಲಿ. ನಾ ಕಲಿಸ್ತೇನಿ."

ಕಲಿಸಿದಳು. ನಕಲು ತೆಗೆಯಲಷ್ಟೇ ಗೊತ್ತಿದ್ದ ಕೈಗಳು ಬಿಡಿಸಲು ಕಲಿತವು. ಲಗಮವ್ವ ಮೊದಲು ಬಿಡಿಸಿದ್ದು ತನ್ನ ಎಮ್ಮೆ. ನಗಬಹುದು, ನಗಿರಿ, ನಾವೂ ನಕ್ಕಿದ್ದೆವು. ಕೊಂಬು ಅಂಚಿನ ಗಿಳಿಗೆ ಹಾಯುವ ಹಾಗಿತ್ತು! ಶಿವಗಂಗವ್ವ ಮಾತ್ರ ಆ ಬಟ್ಟೆಯನ್ನು ಎದೆಗೆ ಹಿಡಿದುಕೊಂಡಳು. ಇವತ್ತು ಲಗಮವ್ವನ ಎಮ್ಮೆ ನಮ್ಮ ಮೂರು ತಾಲೂಕಿನಲ್ಲೂ ಗೋಡೆಗಳ ಮೇಲಿದೆ. ಕೆಳಗೆ ಲಗಮವ್ವನ ಹೆಸರಿದೆ.

ಕೊನೆಯ ದಿನಗಳಲ್ಲಿ ನಾನು ಆಸ್ಪತ್ರೆಯಲ್ಲಿ ಆಕೆಯ ಬಳಿ ಕೂತಿದ್ದಾಗ ಆಕೆಗೆ ಫೋನ್ ಬಂತು, ನಾನೇ ಎತ್ತಿದೆ. ಯಮಕನಮರಡಿಯಿಂದ ಪರಿಚಯವಿಲ್ಲದ ಹೆಣ್ಣುಮಗಳು. "ಶಿವಗಂಗವ್ವಾರ ಅಂಚಿನ ಒಳಗ ನಾ ನಮ್ಮ ಬಾವಿ ಬಿಡಿಸೇನ್ರಿ. ಮಾರಬೇಕಂತ ಐತಿ. ಅವರು ಹೂಂ ಅಂತಾರೇನ ಕೇಳ್ರಿ."

ಶಿವಗಂಗವ್ವನಿಗೆ ಉಸಿರು ಸಾಲುತ್ತಿರಲಿಲ್ಲ. ನಾನು ಕಿವಿಯ ಹತ್ತಿರ ಬಾಗಿ ಹೇಳಿದೆ. ಕಣ್ಣು ತೆರೆದಳು. "ನನ್ನ ಕೇಳಿದ್ಲಾ?" ಅಂದಳು. ಕೇಳಿದಳು ಅಂದೆ. ನನ್ನ ಕಡೆ ತಿರುಗಿ ಅಂದಳು —

"ಹೊಲಿ ಅನ್ನು. ನನ್ನ ಹೆಸರಿನ ಬಾಜೂಕ ಆಕಿ ಹೆಸರೂ ಹಾಕಂತ ಹೇಳು. ಆಕಿ ಹೆಸರೇನು?"

ನಾನು ಕೇಳಿ ಹೇಳಿದೆ. ಪದ್ಮವ್ವ. ಆಕೆ ಆ ಹೆಸರನ್ನು ಒಮ್ಮೆ ತನ್ನ ಬಾಯಿಂದ ಅಂದಳು — "ಪದ್ಮವ್ವ". ನನ್ನ ಗೆಳತಿ ನನ್ನೆದುರು ಆಡಿದ ಕೊನೆಯ ಮಾತು ಅದು.

ಪದ್ಮವ್ವ ಇವತ್ತು ಬಂದಿದ್ದಾರೆ. ಶಿವಗಂಗವ್ವನನ್ನು ಅವರು ಮೊದಲ ಸಲ ನೋಡುತ್ತಿರುವುದೇ ಈ ಫೋಟೋದಲ್ಲಿ. ತಂಗೀ, ಹಿಂದೆ ನಿಲ್ಲಬೇಡ. ಮುಂದೆ ಬಾ, ಲಕ್ಷ್ಮಿಯ ಪಕ್ಕಕ್ಕೆ ಬಾ.

ಈಗ ಎಲ್ಲರೂ ಎದ್ದು ನಿಲ್ಲೋಣ. ಮಾತು ಸಾಕು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆಯನ್ನು ನೆನೆಯೋಣ.