ಖಂಡೇಪೂಜೆಯ ಕುಂಕುಮ

ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಮೂಡಲಗಿ ಬಸ್ಸಿಗೆ ಕಾದಿದ್ದ ಸೀತವ್ವನ ಪಕ್ಕದಲ್ಲಿ ಗಂಡ ಹೆಂಡತಿ ಬಂದು ಕೂತರು. ಕಂಪ್ಯೂಟರಿನ ಫೋಟೋಗಳನ್ನೆಲ್ಲ ತುಂಬಿಡುವ ಹಾರ್ಡ್‌ಡಿಸ್ಕನ್ನು ಗಂಡ ಟವೆಲಿನಲ್ಲಿ ಸುತ್ತಿ ಹಿಡಿದಿದ್ದ.

"ಕಸಾ ಹೊಡಿಯೂಮುಂದ ಕೆಡವೀದಿ, ಸತ್ತ ನಮ್ಮವ್ವನ ಫೋಟೋ ಹಾಳ ಮಾಡೀದಿ ಅಂತ ಎಂಟು ದಿನಾ ಬೈದ್ರಿ," ಎಂದಳು ಹೆಂಡತಿ.

"ಕಂಪ್ಯೂಟರಿನ್ಯಾಗ ಡಿಸ್ಕ್ ತೋರ್ಸವಲ್ದಾಗಿತ್ತು."

"ರಿಪೇರಿ ಅಂಗಡಿಯಾಂವ ವಾಯರ್ ಹಾಕೂ ತೂತಿನ್ಯಾಗಿಂದ ಏನ್ ಕೆರದು ತಗದಾ?"

"ಕುಂಕುಮ."

"ದಸರಾದಾಗ ಖಂಡೇಪೂಜಿಗೆ ಅದನ್ನ ಹಚ್ಚಿದವರು ಯಾರು?"

"ಟ್ರ್ಯಾಕ್ಟರಿಗೂ ಹಚ್ಚತೇವಲ್ಲ."

"ಟ್ರ್ಯಾಕ್ಟರಿನ ಡೀಸೆಲ್ ಟಾಕ್ಯಾಗ ಕುಂಕುಮ ಸುರೀತೀರೇನು?"

ಸೀತವ್ವ ನಗು ನುಂಗಿದಳು.

"ಇರ್ಲಿ ಬಿಡು, ಈಗ ಚಾಲೂ ಆತಲ್ಲ. ಫೋಟೋ ಎಲ್ಲಾ ಅದಾವ."

ಬಸ್ಸು ಬಂತು. ಸೀಟು ಹಿಡಿಯಲು ನುಗ್ಗುತ್ತ ಅವನು ಡಿಸ್ಕನ್ನು ಹೆಂಡತಿಯತ್ತ ಚಾಚಿದ.

"ನೀವ ಹಿಡಕೊಳ್ರಿ. ನಾ ಕೆಡವಾಕಿ ಅದೇನಿ," ಎಂದು ಅವಳು ಕೈಬೀಸಿಕೊಂಡು ಬಸ್ಸು ಹತ್ತಿದಳು.